ಕಲೆ ಒಂದೆಡೆ, ಸೋರಿಕೆ ಇನ್ನೊಂದೆಡೆ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮಲಗುವ ಕೋಣೆಯ ಸೀಲಿಂಗಿನಲ್ಲಿ ಅಂಗೈ ಅಗಲದ ಹಳದಿ ಕಲೆ ಮೂಡಿದಾಗ, ನಾನು ಅದನ್ನು ಕೆರೆಸಿ, ಪುಟ್ಟಿ ಹಾಕಿಸಿ, ಬಣ್ಣ ಬಳಿಸಿ ಸುಮ್ಮನಾದೆ. ಮುಂದಿನ ಮಳೆಗಾಲದಲ್ಲಿ ಪುಟ್ಟಿ ಉಬ್ಬಿ, ಬಿಳಿಯ ಪುಡಿಯ ಸಮೇತ ಹಾಸಿಗೆಯ ಮೇಲೆ ಉದುರಿತು. ಕಾಂಕ್ರೀಟಿನೊಳಗಿನ ಸುಣ್ಣದಂಶವನ್ನು ನೀರು ಕರಗಿಸಿ ತಂದು ಕೆಳಗೆ ಬಿಟ್ಟು ಆರಿದರೆ ಉಳಿಯುವುದು ಈ ಪುಡಿಯೇ.

ಎರಡನೆಯ ಸಲ ಅವಸರ ಮಾಡಲಿಲ್ಲ. ಕಲೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ಪಕ್ಕದಲ್ಲಿ ತಾರೀಖು ಬರೆದೆ. ಗೋಡೆಯೊಳಗಿನ ಪೈಪು ಒಡೆದಿದ್ದರೆ ಬೇಸಿಗೆಯಲ್ಲೂ ಕಲೆ ಹರಡಬೇಕಿತ್ತು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅದು ಅಲುಗಲಿಲ್ಲ, ಜೂನ್ ಮಳೆ ಬಿದ್ದ ಎರಡೇ ದಿನಕ್ಕೆ ಗೆರೆ ದಾಟಿತು. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಗಾರೆಯನ್ನು ತೆಗೆಸಿದೆ. ತುಕ್ಕಿನ ಬಣ್ಣ ಕಾಣದಿದ್ದುದು ಸಮಾಧಾನ ತಂದಿತು, ಏಕೆಂದರೆ ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಆಗ ಎಂಜಿನಿಯರರನ್ನೇ ಕರೆಯಬೇಕು.

ಇಡೀ ತಾರಸಿಗೆ ಲೇಪ ಹಾಕಿಬಿಡೋಣವೆಂದು ಮೇಸ್ತ್ರಿ ಪಟ್ಟು ಹಿಡಿದರೂ ನಾನು ಒಪ್ಪದೆ, ಸಣ್ಣ ಗಾರೆಕಟ್ಟೆಗಳಿಂದ ತಾರಸಿಯನ್ನು ಮೂರು ಭಾಗ ಮಾಡಿಸಿ, ಒಂದೊಂದರಲ್ಲೂ ಎರಡು ದಿನ 1 ಅಂಗುಲ ನೀರು ನಿಲ್ಲಿಸಿದೆ. ಅಷ್ಟಕ್ಕೇ ಚದರ ಮೀಟರಿಗೆ 25 ಕೆ.ಜಿ. ಭಾರ ಬೀಳುವುದರಿಂದ ಹಳೆಯ ಮನೆಯಲ್ಲಿ ಹೆಚ್ಚು ನಿಲ್ಲಿಸುವ ಧೈರ್ಯ ನನಗಾಗಲಿಲ್ಲ. ಮೊದಲೆರಡು ಭಾಗಗಳಲ್ಲಿ ಏನೂ ಆಗಲಿಲ್ಲ. ಮೂರನೆಯದರಲ್ಲಿ, ಮಳೆನೀರಿನ ಪೈಪಿನ ಬಾಯಿ ಇದ್ದ ಕಡೆ, ಎರಡನೆಯ ಬೆಳಿಗ್ಗೆ ಕೆಳಗಿನ ಕಲೆ ಒದ್ದೆಯಾಯಿತು. ಪೈಪಿನ ಬಾಯಿಗೂ ಕಲೆಗೂ ನಡುವೆ ಆರು ಅಡಿ ದೂರ! ಪೈಪಿನ ಸುತ್ತಲಿನ ಸಂದಿನಲ್ಲಿ ಇಳಿದ ನೀರು ಇಳಿಜಾರಿನ ಗಾರೆಯಡಿ ಹರಿದು, ಸಿಕ್ಕ ಬಿರುಕಿನಲ್ಲಿ ಹೊರಬಂದಿತ್ತು.

ಚಳ್ಳಕೆರೆ ಕಡೆಯ ಅಜ್ಜಿಯ ಮಣ್ಣಿನ ಮಾಳಿಗೆ ಮನೆಗೆ, ಸೋರದಿರಲೆಂದು, ಪ್ರತಿ ಮಳೆಗಾಲಕ್ಕೆ ಮೊದಲು ಚೌಳು ಮಣ್ಣು ಹಾಕುತ್ತಿದ್ದರು. ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ ತಾರಸಿ, ಬಂದ ಮೇಲೆ ನಾನು ವರ್ಷಕ್ಕೊಮ್ಮೆಯೂ ತಾರಸಿ ಹತ್ತಿರಲಿಲ್ಲ.

ಪೈಪಿನ ಸುತ್ತ ಒಡೆಸಿ, ಪಾಲಿಮರ್ ಬೆರೆಸಿದ ಗಾರೆ ತುಂಬಿಸಿ, ಬಿರುಕುಗಳನ್ನು ಅಗಲಿಸಿ ಮುಚ್ಚಿಸಿ, ಪ್ಯಾರಾಪೆಟ್ ಬುಡದ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿದೆ. ಪ್ರತಿ 10 ಅಡಿಗೆ ಒಂದೂಕಾಲು ಅಂಗುಲದ ಇಳಿಜಾರು ಇದೆಯೇ ಎಂದು ನೀರು ತುಂಬಿದ ಟ್ಯೂಬಿನಿಂದ ಅಳೆದು, ಮತ್ತೆ ನೀರು ನಿಲ್ಲಿಸಿ ನೋಡಿದೆ. ಸೀಲಿಂಗಿಗೆ ಬಣ್ಣ ಬಳಿಯಲು ಬಂದವರನ್ನು ಮಾತ್ರ ಒಂದು ಮಳೆಗಾಲ ಕಳೆಯಲೆಂದು ಹಿಂದಕ್ಕೆ ಕಳುಹಿಸಿದೆ. ಪೆನ್ಸಿಲ್ ಗೆರೆ ಇನ್ನೂ ಮಂಚದ ಮೇಲಿನ ಸೀಲಿಂಗಿನಲ್ಲೇ ಇದೆ.