ವಿದೇಶದಲ್ಲಿ ಓಡಿಸಿದ ಕಾರನ್ನು ಮೈಸೂರಿಗೆ ತರುವುದು ಹೇಗೆ? ಹಡಗು ಹತ್ತಿಸುವ ಮೊದಲು ಈ ಲೆಕ್ಕ ಹಾಕಿ

ಈ ಸಲ ದಸರಾ ಮುಗಿದ ವಾರ ಬರ್ಮಿಂಗ್‌ಹ್ಯಾಮ್‌ನಿಂದ ಅಕ್ಕನ ಮಗನ ಫೋನ್ ಬಂತು. ‘ಮಾವ, ಮಾರ್ಚ್‌ಗೆ ಮೈಸೂರಿಗೇ ವಾಪಸ್ ಬಂದ್ಬಿಡ್ತೀವಿ. ಮನೆ ಸಾಮಾನು ಕಂಟೇನರ್‌ನಲ್ಲಿ ಬರುತ್ತೆ. ಅದರ ಜೊತೆ ಕಾರೂ ಹಾಕ್ಬಿಡ್ತೀನಿ. ಎರಡೇ ವರ್ಷ ಹಳೇದು. ಒಂದೆರಡು ಲಕ್ಷ ತೆರಿಗೆ ಬೀಳಬಹುದಲ್ವಾ?’

ಕುವೆಂಪುನಗರದ ಮನೆಯಲ್ಲಿ ಕೂತು ಮೂವತ್ತು ವರ್ಷದಿಂದ ಬೇರೆಯವರ ತೆರಿಗೆ ಲೆಕ್ಕ ಬರೆದುಕೊಡುವವನು ನಾನು. ‘ಕಾರಿನ ಕಾಗದಗಳ ಫೋಟೊ ಕಳಿಸು, ನಾಳೆ ಹೇಳ್ತೀನಿ’ ಎಂದೆ. ರಾತ್ರಿ ಕೂತು ಹಾಕಿದ ಲೆಕ್ಕ ಮೂವತ್ತೇಳು ಲಕ್ಷಕ್ಕೆ ಬಂದು ನಿಂತಿತು. ಅದು ಸುಂಕ ಮತ್ತು ಜಿಎಸ್‌ಟಿ ಮಾತ್ರ. ಕಾರಿನ ಬೆಲೆ ಬೇರೆ, ಕರ್ನಾಟಕದ ರಸ್ತೆ ತೆರಿಗೆ ಬೇರೆ.

ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ವಾಪಸ್ ಬರುವಾಗ ಅವರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ. ಉತ್ತರವನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. 2025ರ ಫೆಬ್ರುವರಿ ಬಜೆಟ್‌ನ ಸುಂಕದ ದರ, ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರ, ಇವೆರಡೇ ಇಲ್ಲಿನ ಲೆಕ್ಕಕ್ಕೆ ಆಧಾರ.

ಮೊದಲು ಸ್ಟೀರಿಂಗ್ ನೋಡಿ

ದುಡ್ಡಿನ ಮಾತಿಗೆ ಮುಂಚೆ, ಆ ಕಾರಿಗೆ ಭಾರತದೊಳಗೆ ಪ್ರವೇಶ ಇದೆಯೇ ಎಂದು ತಿಳಿಯಬೇಕು. ಇದನ್ನು ನಿರ್ಧರಿಸುವುದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ಆಮದು ನೀತಿ. ಅದರ ಪ್ರಕಾರ ಸೆಕೆಂಡ್ ಹ್ಯಾಂಡ್ ಕಾರಿನ ಸ್ಟೀರಿಂಗ್ ಬಲಗಡೆಯೇ ಇರಬೇಕು. ದುಬೈ, ಕತಾರ್, ಸೌದಿ, ಅಮೆರಿಕ, ಕೆನಡಾ, ಜರ್ಮನಿಗಳಲ್ಲಿ ಸ್ಟೀರಿಂಗ್ ಎಡಕ್ಕಿರುವುದರಿಂದ ಅಲ್ಲಿಂದ ಬರುವವರ ಕಾರಿನ ಮಾತು ಇಲ್ಲಿಗೇ ಮುಗಿಯಿತು. ಗಲ್ಫ್‌ನಲ್ಲಿ ದುಡಿದು ಆಸೆಪಟ್ಟು ಕೊಂಡ ದೊಡ್ಡ ಗಾಡಿಯನ್ನು ಊರಿನ ಮನೆ ಮುಂದೆ ನಿಲ್ಲಿಸಬೇಕು ಎಂದುಕೊಂಡವರಿಗೆ ಇದನ್ನು ಹೇಳುವಾಗ ನನಗೂ ಬೇಜಾರಾಗುತ್ತದೆ. ಆದರೆ ಈ ನಿಯಮಕ್ಕೆ ಅಡ್ಡದಾರಿ ಇಲ್ಲ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ, ಮಲೇಷ್ಯಾ, ಜಪಾನ್, ದಕ್ಷಿಣ ಆಫ್ರಿಕಾದವರು ಮುಂದೆ ಓದಬಹುದು.

ಎರಡನೆಯದು ಕಾರಿನ ವಯಸ್ಸು. ತಯಾರಾದ ದಿನದಿಂದ ಮೂರು ವರ್ಷ ಮೀರಿರಬಾರದು. ಇಲ್ಲಿ ‘ತಯಾರಾದ ದಿನ’ ಎಂಬುದನ್ನು ಎರಡು ಸಲ ಓದಿಕೊಳ್ಳಿ, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ಬ್ರಿಟನ್ನಿನ ವಿ5ಸಿ ಎಂಬ ನೋಂದಣಿ ಪುಸ್ತಕದಲ್ಲಿ ಎದ್ದು ಕಾಣುವುದು ಮೊದಲ ನೋಂದಣಿಯ ದಿನ. ಕಾರು ಅದಕ್ಕೂ ಆರೆಂಟು ತಿಂಗಳ ಮುಂಚೆ ಕಾರ್ಖಾನೆಯಿಂದ ಹೊರಬಂದು ಷೋರೂಮಿನ ಅಂಗಳದಲ್ಲಿ ನಿಂತಿದ್ದಿರಬಹುದು. ಮಂಡ್ಯದ ಒಬ್ಬ ಪರಿಚಿತರಿಗೆ ಸಾಗಣೆ ಏಜೆಂಟನೊಬ್ಬ ನೋಂದಣಿ ದಿನದಿಂದಲೇ ಎಣಿಸಿ ‘ಇನ್ನೂ ಐದು ತಿಂಗಳು ಟೈಮಿದೆ’ ಎಂದಿದ್ದ. ಅವರು ಮುಂಗಡ ಕೊಟ್ಟೂ ಆಗಿತ್ತು. ಕಾರು ತಯಾರಾದ ತಿಂಗಳಿಂದ ನಾವು ಎಣಿಸಿದಾಗ ಉಳಿದಿದ್ದು ಮೂರು ವಾರ. ಹಡಗು ಅಷ್ಟರೊಳಗೆ ಬರುವುದಿಲ್ಲ. ಮುಂಗಡ ಹೋಯಿತು, ಕಾರು ಅಲ್ಲೇ ಉಳಿಯಿತು.

ಹಾಗಾದರೆ ತಯಾರಾದ ದಿನ ಗೊತ್ತಾಗುವುದು ಹೇಗೆ? ಡ್ರೈವರ್ ಬಾಗಿಲು ತೆಗೆದು ಬಾಗಿಲ ಚೌಕಟ್ಟಿನ ಕಂಬದ ಕೆಳಭಾಗ ನೋಡಿ. ಕೆಲವು ದೇಶಗಳ ಕಾರುಗಳಲ್ಲಿ ತಿಂಗಳು ಮತ್ತು ವರ್ಷ ಅಲ್ಲಿಯ ಫಲಕದ ಮೇಲೇ ಇರುತ್ತದೆ. ಅಲ್ಲಿ ಸಿಗದಿದ್ದರೆ ಸೀಟ್ ಬೆಲ್ಟನ್ನು ಪೂರ್ತಿ ಹೊರಕ್ಕೆಳೆಯಿರಿ. ತುದಿಯಲ್ಲಿ, ಸೀಟಿನ ಕೆಳಗೆ ಬೋಲ್ಟ್ ಹಾಕಿರುವ ಜಾಗದ ಹತ್ತಿರ, ಹೆಬ್ಬೆರಳಗಲದ ಬಿಳಿ ಚೀಟಿಯೊಂದು ಹೊಲಿದಿರುತ್ತದೆ. ಅದರ ಮೇಲೆ ಬೆಲ್ಟ್ ತಯಾರಾದ ದಿನ ಅಚ್ಚಾಗಿರುವುದು ವಾಡಿಕೆ. ಕಾರು ತಯಾರಾಗಿದ್ದು ಸಾಮಾನ್ಯವಾಗಿ ಅದಾದ ಕೆಲ ವಾರಗಳಲ್ಲಿ. ಇದು ನಿಮ್ಮ ಅಂದಾಜಿಗೆ ಸಾಕು, ಕಸ್ಟಮ್ಸ್‌ಗೆ ಸಾಲದು. ಷಾಸಿ ನಂಬರ್ ಕೊಟ್ಟು ಕಂಪನಿಯಿಂದ ತಯಾರಿಕೆ ದಿನಾಂಕದ ಪತ್ರ ತರಿಸಿಕೊಳ್ಳಿ.

ಉಳಿದ ಷರತ್ತುಗಳಲ್ಲಿ ಒಂದು, ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿರಬೇಕು. ಬ್ರಿಟನ್ ಕಾರು ಮೈಲಿ ತೋರಿಸುತ್ತದೆ. ಡಿಜಿಟಲ್ ಫಲಕವಾದರೆ ಸೆಟ್ಟಿಂಗ್‌ನಲ್ಲಿ ಬದಲಾಗುತ್ತದೆ, ಮುಳ್ಳಿನದಾದರೆ ಫಲಕವನ್ನೇ ಬದಲಿಸಬೇಕು. ಹೆಡ್‌ಲೈಟಿನ ಬೆಳಕು ರಸ್ತೆಯ ಎಡಗಡೆ ಓಡಿಸುವುದಕ್ಕೆ ಹೊಂದುವಂತಿರಬೇಕು. ಬಲಗಡೆ ಸ್ಟೀರಿಂಗ್ ಇರುವ ದೇಶದ ಕಾರಿಗೆ ಇದರ ತೊಂದರೆ ಬರುವುದು ಕಡಿಮೆ.

‘ಒಂದೇ ತಿಂಗಳು ಓಡಿಸಿದ್ದೀನಿ, ಹೊಸದು ಅಂತಾನೇ ತೋರಿಸಬಹುದಲ್ವಾ?’ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಯಾವ ದೇಶದಲ್ಲಾದರೂ ಒಮ್ಮೆ ನೋಂದಣಿಯಾದ ಕಾರು ನೀತಿಯ ಪ್ರಕಾರ ಹಳೆಯದೇ.

ಮುಂಬೈ ಬಿಟ್ಟು ಬೇರೆ ಬಂದರಿಲ್ಲ

ಮೈಸೂರಿನವರಿಗೆ ಮಂಗಳೂರು ಹತ್ತಿರ, ಚೆನ್ನೈ ಅನುಕೂಲ. ಆದರೆ ಹಳೆಯ ಕಾರು ಇಳಿಯಬೇಕಾದ್ದು ಮುಂಬೈ ಬಂದರಿನಲ್ಲೇ. ಚೆನ್ನೈಗೆ ಬುಕ್ ಮಾಡಿದ ಮನೆ ಸಾಮಾನಿನ ಕಂಟೇನರ್‌ನಲ್ಲಿ ಕಾರನ್ನೂ ಸೇರಿಸಿದರೆ ಎರಡೂ ಸಿಕ್ಕಿಬೀಳುತ್ತವೆ. ಸಾಮಾನು ಬೇರೆ, ಕಾರು ಬೇರೆ ಕಳಿಸಿ.

ಕಾರು ಹಡಗು ಹತ್ತುವ ಮೊದಲು, ಅದು ನಮ್ಮ ಮೋಟಾರು ವಾಹನ ಕಾಯ್ದೆಯ ನಿಯಮಗಳಿಗೆ ಹೊಂದುತ್ತದೆ ಎಂಬ ಪರೀಕ್ಷಾ ಪ್ರಮಾಣಪತ್ರ ಅಲ್ಲಿಂದಲೇ ಬೇಕು. ಇನ್ನೈದು ವರ್ಷ ರಸ್ತೆಯಲ್ಲಿ ಓಡುವ ಸ್ಥಿತಿಯಲ್ಲಿದೆ, ಆ ಐದು ವರ್ಷವೂ ಇಲ್ಲಿ ಸರ್ವಿಸ್ ಸಿಗುತ್ತದೆ ಎಂದು ಘೋಷಣೆ ಕೊಡಬೇಕು. ಇಲ್ಲಿ ಇಳಿದ ಮೇಲೆ, ಬಿಡುಗಡೆಗೆ ಮುಂಚೆ, ಮತ್ತೆ ಪರೀಕ್ಷೆ. ಅದನ್ನು ಮಾಡುವುದು ಪುಣೆಯ ಎಆರ್‌ಎಐ, ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ವಿಆರ್‌ಡಿಇ, ಬುದನಿಯ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಕೇಂದ್ರದಂಥ ಸಂಸ್ಥೆಗಳು. ಸರ್ವಿಸ್‌ನ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಭಾರತದಲ್ಲಿ ಮಾರಾಟಕ್ಕೇ ಇಲ್ಲದ ಮಾದರಿಯಾದರೆ ಆ ಭರವಸೆ ಕೊಡುವವರು ಯಾರು ಎಂಬುದನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಬಂದರಿನ ಕೆಲಸಕ್ಕೆ ಪರವಾನಗಿ ಇರುವ ಕಸ್ಟಮ್ಸ್ ಬ್ರೋಕರ್ ಅನ್ನೇ ಹಿಡಿಯಿರಿ. ಆಮದಿನ ವಿವರ ಘೋಷಿಸುವ ‘ಬಿಲ್ ಆಫ್ ಎಂಟ್ರಿ’ ಸಲ್ಲಿಸುವವರು ಅವರೇ. ಆ ಕಾಗದವೇ ಮುಂದೆ ಕಾರಿನ ಜಾತಕ. ಇಳಿದ ಸರಕನ್ನು ಮೂವತ್ತು ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ನೋಟಿಸ್ ಕೊಟ್ಟು ಹರಾಜು ಹಾಕಲು ಕಾಯ್ದೆಯಲ್ಲೇ ಅವಕಾಶವಿದೆ. ಹರಾಜಿನವರೆಗೆ ಹೋಗದಿದ್ದರೂ ಸರಕು ಬಂದರಿನಲ್ಲಿ ನಿಂತಿದ್ದಕ್ಕೆ ಕಟ್ಟಬೇಕಾದ ಡೆಮರೇಜ್ ದಿನದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಸುಂಕದ ಹಣ ಹಡಗು ಬರುವ ಮೊದಲೇ ಬ್ಯಾಂಕಿನಲ್ಲಿರಲಿ.

ಈಗ ದುಡ್ಡಿನ ಲೆಕ್ಕ

ಸುಂಕ ಹಾಕುವುದು ನೀವು ಹೇಳಿದ ಬೆಲೆಯ ಮೇಲಲ್ಲ. ‘ಸ್ನೇಹಿತನಿಂದ ಕಡಿಮೆಗೆ ಕೊಂಡೆ’ ಎಂಬ ರಸೀದಿ ಕಸ್ಟಮ್ಸ್‌ನಲ್ಲಿ ನಿಲ್ಲುವುದು ಕಷ್ಟ. ಅದೇ ಮಾದರಿ ಹೊಸದಾಗಿದ್ದಾಗಿನ ಬೆಲೆ ಹಿಡಿದು ಸವಕಳಿ ಕಳೆಯುವುದು ಅವರ ರೂಢಿ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5. ಎರಡು ವರ್ಷದ ಕಾರಿಗೆ ಒಟ್ಟು ಶೇ 28 ಇಳಿಯುತ್ತದೆ. ಅದಕ್ಕೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸುತ್ತಾರೆ. ಇವೆರಡರ ಬಿಲ್ ಜೋಪಾನ. ಬಾಡಿಗೆ ಎಷ್ಟೆಂದು ತೋರಿಸಲಾಗದಿದ್ದರೆ ಬೆಲೆಯ ಶೇ 20, ವಿಮೆಗೆ ಶೇ 1.125 ಎಂದು ಅವರೇ ಹಿಡಿಯುತ್ತಾರೆ.

ಅಕ್ಕನ ಮಗನ ಕಾರಿನ ಲೆಕ್ಕ ಹೀಗಿತ್ತು. ಹೊಸದರ ಬೆಲೆ ನಮ್ಮ ರೂಪಾಯಿಯಲ್ಲಿ 20 ಲಕ್ಷ. ಸವಕಳಿ ಕಳೆದು 14.40 ಲಕ್ಷ. ಬಾಡಿಗೆ, ವಿಮೆಗೆ 1.60 ಲಕ್ಷ ಸೇರಿಸಿ 16 ಲಕ್ಷ. ಇಲ್ಲಿಂದ ಮುಂದಕ್ಕೆ:

ಮೂಲ ಆಮದು ಸುಂಕ ಶೇ 70: 11,20,000
ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಶೇ 67.5: 10,80,000
ಇಲ್ಲಿಯವರೆಗೆ ಕಾರಿನ ಮೌಲ್ಯವೂ ಸೇರಿ: 38,00,000
ಅದರ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) ಶೇ 40: 15,20,000
ಒಟ್ಟು: 53,20,000

2025ರ ಬಜೆಟ್‌ನಲ್ಲಿ ‘ಹಳೆಯ ಕಾರಿನ ಸುಂಕ ಶೇ 125ರಿಂದ 70ಕ್ಕೆ ಇಳಿಕೆ’ ಎಂಬ ಸುದ್ದಿ ಓದಿ ಹಲವರು ಖುಷಿಪಟ್ಟಿದ್ದರು. ಮೊದಲು ಶೇ 125ರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ ಶೇ 137.5 ಆಗುತ್ತಿತ್ತು. ಈಗ 70 ಮತ್ತು 67.5 ಕೂಡಿಸಿದರೂ ಅದೇ 137.5. ಜೇಬಿಗೆ ಒಂದು ರೂಪಾಯಿಯೂ ಉಳಿದಿಲ್ಲ.

ಗಮನಿಸಬೇಕಾದ್ದು ಐಜಿಎಸ್‌ಟಿ. ಅದು ಬರೀ ಕಾರಿನ ಮೌಲ್ಯದ ಮೇಲಲ್ಲ, ಸುಂಕದ ಮೇಲೂ ಬೀಳುತ್ತದೆ. ಶೇ 40 ದರ ದೊಡ್ಡ ಕಾರಿಗೆ. ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರದೆ, ಉದ್ದವೂ ನಾಲ್ಕು ಮೀಟರ್ ಒಳಗಿದ್ದರೆ ಶೇ 18. ಎಂಜಿನ್ ಮತ್ತು ಉದ್ದ ಎರಡೂ ಹೊಂದಬೇಕು. ಬ್ರಿಟನ್ನಿನಲ್ಲಿ ಸಣ್ಣ ಕಾರು ಎನ್ನಿಸಿಕೊಳ್ಳುವ ಈಗಿನ ಫೋಕ್ಸ್‌ವ್ಯಾಗನ್ ಪೋಲೊ ನಾಲ್ಕು ಮೀಟರ್‌ಗಿಂತ ಸುಮಾರು ಏಳು ಸೆಂಟಿಮೀಟರ್ ಉದ್ದವಿದೆ. ಎಂಜಿನ್ ಸಾವಿರ ಸಿಸಿಯದಾದರೂ ಆ ಏಳು ಸೆಂಟಿಮೀಟರ್‌ನಿಂದಾಗಿ ಅದು ಶೇ 40ರ ಸಾಲಿಗೆ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಈ ಒಂದು ವ್ಯತ್ಯಾಸವೇ 8.36 ಲಕ್ಷ ರೂಪಾಯಿ. ಕೈಪಿಡಿಯಲ್ಲಿ ಉದ್ದದ ಅಂಕಿಯನ್ನು ಮಿಲಿಮೀಟರ್‌ವರೆಗೆ ನೋಡಿಕೊಳ್ಳಿ. ಎಲೆಕ್ಟ್ರಿಕ್ ಕಾರಿಗೆ ಐಜಿಎಸ್‌ಟಿ ಶೇ 5, ಆದರೆ ಮೊದಲ ಎರಡು ಸಾಲು ಅದಕ್ಕೂ ಬಿಟ್ಟಿದ್ದಲ್ಲ.

‘ಖಾಯಮ್ಮಾಗಿ ವಾಪಸ್ ಬರುವವರಿಗೆ ರಿಯಾಯಿತಿ ಇದೆಯಲ್ಲ?’ ಇದೆ, ಮನೆ ಸಾಮಾನಿಗೆ. ಫ್ರಿಜ್, ವಾಷಿಂಗ್ ಮಷೀನ್‌ಗೆ ಸಿಗುವ ಆ ಬ್ಯಾಗೇಜ್ ರಿಯಾಯಿತಿ ಮೋಟಾರು ವಾಹನಕ್ಕೆ ಅನ್ವಯಿಸುವುದಿಲ್ಲ. ಕಾರಿಗೆ ಪೂರ್ತಿ ಸುಂಕ.

ಈ ಲೆಕ್ಕ ಓದಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಮಾವ, ಐವತ್ಮೂರು ಲಕ್ಷಕ್ಕೆ ಅಲ್ಲೇ ಎರಡು ಹೊಸ ಕಾರು ಬರುತ್ತಲ್ಲ’ ಎಂದ. ಬರುತ್ತೆ ಕಣಪ್ಪ, ಇಲ್ಲೇ ತಯಾರಾಗಿದ್ದು, ಗ್ಯಾರಂಟಿ ಇರೋದು, ಬಿಡಿಭಾಗ ಪೇಟೆಯಲ್ಲೇ ಸಿಗೋದು ಎಂದೆ. ಅವನು ಮಾರಿಬಿಟ್ಟು ಬರುತ್ತಿದ್ದಾನೆ. ಹೆಚ್ಚಿನವರಿಗೆ ನನ್ನ ಸಲಹೆಯೂ ಅದೇ. ಆದರೂ ಕೆಲವು ಕಾರುಗಳಲ್ಲಿ ಬೆಲೆಗೆ ಸಿಗದ ನೆನಪಿರುತ್ತದೆ. ತರಲೇಬೇಕು ಎನ್ನುವವರ ಮನಸ್ಸೂ ನನಗೆ ಅರ್ಥವಾಗುತ್ತದೆ. ಮುಂದಿನದು ಅವರಿಗಾಗಿ.

ಮುಂಬೈಯಿಂದ ಆರ್‌ಟಿಒ ಅಂಗಳಕ್ಕೆ

ಬ್ರಿಟನ್ನಿನಿಂದ ಹೊರಡುವಾಗ ವಿ5ಸಿ ಪುಸ್ತಕದ ‘ಶಾಶ್ವತ ರಫ್ತು’ ಭಾಗವನ್ನು ಅಲ್ಲಿನ ವಾಹನ ನೋಂದಣಿ ಕಚೇರಿಯಾದ ಡಿವಿಎಲ್‌ಎಗೆ ಕಳಿಸಿ, ಉಳಿದ ಪುಸ್ತಕ ನಿಮ್ಮ ಹತ್ತಿರವೇ ಇರಲಿ. ಅಲ್ಲಿ ಕಟ್ಟಿದ ವಾಹನ ತೆರಿಗೆಯಲ್ಲಿ ಮಿಕ್ಕ ಪೂರ್ತಿ ತಿಂಗಳುಗಳ ಹಣ ವಾಪಸ್ ಬರುತ್ತದೆ.

ಮುಂಬೈಯಿಂದ ಮೈಸೂರು ಸುಮಾರು ಸಾವಿರದ ನೂರು ಕಿಲೋಮೀಟರ್. ಓಡಿಸಿಕೊಂಡು ಬರುವ ಹುರುಪು ಬೇಡ. ಕಾರು ಸಾಗಿಸುವ ಲಾರಿಯಲ್ಲಿ ಹಾಕಿಸಿ, ಆ ಪ್ರಯಾಣಕ್ಕೂ ವಿಮೆ ಮಾಡಿಸಿ.

ನೋಂದಣಿ ನಿಮ್ಮ ವಿಳಾಸದ ಪ್ರಕಾರ. ಮೈಸೂರು ಪಶ್ಚಿಮಕ್ಕೆ ಕೆಎ 09, ಪೂರ್ವಕ್ಕೆ ಕೆಎ 55, ಮಂಡ್ಯಕ್ಕೆ ಕೆಎ 11. ನಮೂನೆ 20ರ ಅರ್ಜಿ, ಬಿಲ್ ಆಫ್ ಎಂಟ್ರಿ, ಸುಂಕ ಕಟ್ಟಿದ ರಸೀದಿ, ಕಸ್ಟಮ್ಸ್ ಬಿಡುಗಡೆ ಪತ್ರ, ಪರೀಕ್ಷಾ ಸಂಸ್ಥೆಯ ವರದಿ, ಹೊರದೇಶದ ನೋಂದಣಿ ಪುಸ್ತಕ, ವಿಮೆ, ಪ್ಯಾನ್, ವಿಳಾಸದ ದಾಖಲೆ, ಇವೆಲ್ಲ ಎರಡೆರಡು ಪ್ರತಿ. ಇನ್‌ಸ್ಪೆಕ್ಟರ್ ಷಾಸಿ ನಂಬರನ್ನು ಕಾಗದದ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡುತ್ತಾರೆ. ಬಿಲ್ ಆಫ್ ಎಂಟ್ರಿಯಲ್ಲಿ ‘ಸೊನ್ನೆ’ಯ ಜಾಗದಲ್ಲಿ ‘ಓ’ ಬಿದ್ದಿದ್ದರೆ ಅದನ್ನು ತಿದ್ದಿಸಲು ಮತ್ತೆ ಮುಂಬೈಗೇ ಓಡಬೇಕು. ಬ್ರೋಕರ್ ಕರಡು ಕಳಿಸಿದ ದಿನವೇ ಹದಿನೇಳೂ ಅಕ್ಷರ ನೀವೇ ಓದಿ ನೋಡಿ.

ಆಮದಾದ ಕಾರಿನ ನೋಂದಣಿ ಶುಲ್ಕ 5,000 ರೂಪಾಯಿ, ಅದು ದೊಡ್ಡದಲ್ಲ. ದೊಡ್ಡದು ಕರ್ನಾಟಕದ ಜೀವಾವಧಿ ತೆರಿಗೆ. ಬೆಲೆ 20 ಲಕ್ಷ ಮೀರಿದರೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಬೆಲೆ ಎಂದರೆ ಇಲ್ಲಿ ಸುಂಕ ಸೇರಿದ ಬೆಲೆ, ಹದಿನಾರು ಲಕ್ಷವಲ್ಲ. ಕಾರಿನ ವಯಸ್ಸಿಗೆ ತಕ್ಕಂತೆ ತುಸು ಇಳಿಕೆ ಸಿಕ್ಕರೂ 53 ಲಕ್ಷದ ಕಾರಿಗೆ ಒಂಬತ್ತು–ಹತ್ತು ಲಕ್ಷ ಎತ್ತಿಡಿ. ಬ್ರೋಕರ್, ಪರೀಕ್ಷೆ, ಲಾರಿ, ವಿಮೆ ಎಲ್ಲ ಸೇರಿದರೆ ಹದಿನಾರು ಲಕ್ಷದ ಕಾರು ಮನೆ ಗೇಟಿನೊಳಗೆ ಬರುವಷ್ಟರಲ್ಲಿ ಅರವತ್ತೈದು ಲಕ್ಷದ ಹತ್ತಿರ ಹೋಗಿರುತ್ತದೆ.

ಹಳೆಯ ಕಾರಿನ ಹುಚ್ಚಿನವರಿಗೆ

ಅರಮನೆಯ ವಿದೇಶಿ ಕಾರುಗಳ ಕತೆ ಕೇಳಿ ಬೆಳೆದ ಊರಿದು. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ‘ಪಯಣ’ ಕಾರು ಸಂಗ್ರಹಾಲಯ ತೆರೆದ ಮೇಲೆ ಅಂಥ ಹಳೇ ಕಾಲದ ಕಾರು ತರಬಹುದೇ ಎಂದು ಕೇಳುವವರು ಇನ್ನೂ ಹೆಚ್ಚಾಗಿದ್ದಾರೆ. ಮೊದಲು 1950ಕ್ಕಿಂತ ಹಿಂದಿನ ಕಾರುಗಳನ್ನಷ್ಟೇ ವಿಂಟೇಜ್ ಎಂದು ತರಬಹುದಿತ್ತು. 2025ರಿಂದ ಐವತ್ತು ವರ್ಷ ತುಂಬಿದವಕ್ಕೆ ಅವಕಾಶವಾಗಿದೆ. ಮೂರು ವರ್ಷದ ಮಿತಿ ಇವಕ್ಕಿಲ್ಲ, ಸುಂಕ ಮಾತ್ರ ಇದ್ದೇ ಇದೆ. ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು, ಹತ್ತು ವರ್ಷಕ್ಕೊಮ್ಮೆ 5,000 ಕಟ್ಟಿ ನವೀಕರಣ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ರಸ್ತೆಗಿಳಿಸಬಹುದು. ದಿನಾ ಆಫೀಸಿಗೆ ಓಡಿಸುವಂತಿಲ್ಲ.

ತಂದು ಇಟ್ಟುಕೊಳ್ಳುವ ಉದ್ದೇಶವಿಲ್ಲ, ರಜೆಗೆ ಸ್ವಂತ ಕಾರಿನಲ್ಲೇ ಬಂದು ಊರು ಸುತ್ತಿ ಹೋಗುತ್ತೇವೆ ಎನ್ನುವವರಿಗೆ ‘ಕಾರ್ನೆ’ ಎಂಬ ದಾಖಲೆ ಇದೆ. ನೀವಿರುವ ದೇಶದ ಆಟೊಮೊಬೈಲ್ ಸಂಘದಲ್ಲಿ ಖಾತರಿ ಹಣ ಇಟ್ಟು ಪಡೆಯಬೇಕು. ಆರು ತಿಂಗಳವರೆಗೆ ಸುಂಕವಿಲ್ಲ, ಮಾರುವಂತೆಯೂ ಇಲ್ಲ. ಹೊರಡುವ ದಿನ ಬಂದರಿನಲ್ಲೋ ಗಡಿಯಲ್ಲೋ ಕಸ್ಟಮ್ಸ್‌ನವರಿಂದ ನಿರ್ಗಮನದ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಆ ಸೀಲಿಲ್ಲದಿದ್ದರೆ ಕಾರು ಇಲ್ಲೇ ಉಳಿಯಿತೆಂದು ಲೆಕ್ಕ, ಇಟ್ಟ ಖಾತರಿ ಹಣದಿಂದಲೇ ಸುಂಕ ವಸೂಲಾಗುತ್ತದೆ.