ಬಾಗಿಲು ತೆರೆಯದಿದ್ದರೆ ಕಿಟಕಿ ನೋಡಿ: ಫಸ್ಟ್ ಪರ್ಸನ್ ಗೇಮ್‌ಗಳಲ್ಲಿ ಸ್ವಂತ ದಾರಿ ಹುಡುಕುವ ಬಗೆ

ಪಾತ್ರದ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತಾ ಆಡುವ ವಿಡಿಯೋ ಗೇಮ್‌ಗೆ ಫಸ್ಟ್ ಪರ್ಸನ್ ಗೇಮ್ ಎನ್ನುತ್ತಾರೆ. 2017ರಲ್ಲಿ ಬಂದ 'ಪ್ರೇ' ಅಂಥದ್ದೊಂದು. ಅದರಲ್ಲಿ ಒಂದು ಆಟಿಕೆ ಬಿಲ್ಲು ಸಿಗುತ್ತದೆ. ಅದರ ಬಾಣ ಸ್ಪಂಜಿನಂಥದ್ದು. ಶತ್ರುವಿಗೆ ಹೊಡೆದರೆ ಗಾಯ ಆಗುವುದಿಲ್ಲ. ಮೊದಲ ಸಲ ಆಡುವಾಗ ನಾನು ಅದನ್ನು ರಿಸೈಕ್ಲರ್‌ಗೆ ಹಾಕಿ ಕಚ್ಚಾ ವಸ್ತು ಮಾಡಿಕೊಂಡೆ. ಆಮೇಲೆ ಬೀಗ ಹಾಕಿದ ಒಂದು ಸೆಕ್ಯುರಿಟಿ ಕೋಣೆ ಎದುರಾಯಿತು. ಕೀಲಿ ಕಾರ್ಡ್ ಹುಡುಕುತ್ತಾ ಮುಕ್ಕಾಲು ಗಂಟೆ ಅಲೆದೆ.

ಅದೇ ಕೋಣೆಯನ್ನು ನನ್ನ ತಮ್ಮ ತೆರೆದದ್ದನ್ನು ಪಕ್ಕದಲ್ಲೇ ಕೂತು ನೋಡಿದೆ. ಅವನು ಬಾಗಿಲ ಹತ್ತಿರ ಹೋಗಲೇ ಇಲ್ಲ. ಗಾಜಿನ ಸಂದಿಯಲ್ಲಿ ಇಣುಕಿದ. ಒಳಗೆ ಟಚ್‌ಸ್ಕ್ರೀನ್ ಇರುವ ಕಂಪ್ಯೂಟರ್ ಇತ್ತು. ಅದರಲ್ಲಿ ಬಾಗಿಲು ತೆರೆಯುವ ಬಟನ್. ಆಟಿಕೆ ಬಿಲ್ಲು ತೆಗೆದು ಸಂದಿಯಿಂದ ಗುರಿ ಇಟ್ಟ. ಮೊದಲ ಬಾಣ ಸ್ಕ್ರೀನಿನ ಅಂಚಿಗೆ ಬಡಿಯಿತು. ಎರಡನೆಯದು ಸರಿಯಾಗಿ ಬಟನ್ ಮೇಲೆ. ಬಾಗಿಲು ಸರಿಯಿತು.

ನಾನು ಆ ಬಿಲ್ಲನ್ನು 'ಆಯುಧ' ಎಂದು ನೋಡಿದ್ದೆ, ಕೆಲಸಕ್ಕೆ ಬಾರದ ಆಯುಧ. ಅವನಿಗೆ ಅದು ದೂರದಿಂದ ಮುಟ್ಟುವ ಬೆರಳಾಗಿತ್ತು. ಇಂಥ ಗೇಮ್ ಆಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ವಸ್ತುವಿನ ಹೆಸರು ಬಿಡಿ, ಅದರ ಗುಣ ನೋಡಿ.

ಹೊಸ ವಸ್ತು ಕೈಗೆ ಸಿಕ್ಕ ಕೂಡಲೇ ಅದನ್ನು ಶತ್ರುವಿನ ಮೇಲೆ ಬಳಸಬೇಡಿ. ಮೊದಲು ಗೋಡೆಯ ಮೇಲೆ, ನೀರಿನ ಮೇಲೆ, ಬೆಂಕಿಯ ಮೇಲೆ, ಸುಮ್ನೆ ಬಿದ್ದಿರುವ ಕುರ್ಚಿಯ ಮೇಲೆ ಬಳಸಿ ನೋಡಿ. 'ಪ್ರೇ'ಯಲ್ಲಿ ಗ್ಲೂ ಕ್ಯಾನನ್ ಬಹಳ ಬೇಗ ಸಿಗುತ್ತದೆ. ಅದು ಉಗುಳುವ ನೊರೆ ತಕ್ಷಣ ಗಟ್ಟಿಯಾಗುತ್ತದೆ. ಶತ್ರುವನ್ನು ಅಲುಗಾಡದಂತೆ ಹಿಡಿಯಲು ಅದು ಚೆನ್ನಾಗಿದೆ, ಸರಿ. ಆದರೆ ಬೆಂಕಿ ಉಗುಳುವ ಪೈಪಿಗೆ ಹೊಡೆದು ನೋಡಿ, ಬೆಂಕಿ ಆರುತ್ತದೆ. ಗೋಡೆಗೆ ಹೊಡೆದರೆ ಕಾಲಿಡುವಷ್ಟು ದೊಡ್ಡ ಉಂಡೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಹತ್ತಿ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಮೆಟ್ಟಿಲು ಕಟ್ಟಿಕೊಂಡು ಬೀಗ ಹಾಕಿದ ಮಹಡಿಗೆ ಹೊರಗಿನಿಂದಲೇ ಹೋಗಬಹುದು. ಆ ಮೆಟ್ಟಿಲನ್ನು ಗೇಮ್ ಮಾಡಿದವರು ಅಲ್ಲಿ ಇಟ್ಟಿರಲಿಲ್ಲ. ಅವರು ಇಟ್ಟದ್ದು 'ನೊರೆ ಗಟ್ಟಿಯಾಗುತ್ತದೆ, ಭಾರ ತಡೆಯುತ್ತದೆ' ಎಂಬ ನಿಯಮ ಮಾತ್ರ. ನನಗೆ ಈ ಬಗೆಯ ಗೇಮ್‌ಗಳ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ಗುಣ ಗುರುತಿಸುವ ಅಭ್ಯಾಸ ಬೇಕಿದ್ದರೆ 1998ರ 'ಥೀಫ್' ಆಡಿ. ಹಳೆಯದು, ಚಿತ್ರ ಒರಟಾಗಿದೆ. ಆದರೂ ಬೆಳಕು ಮತ್ತು ಸದ್ದನ್ನು ಅದರಷ್ಟು ಚೆನ್ನಾಗಿ ಕಲಿಸುವ ಗೇಮ್ ಕಡಿಮೆ. ಸ್ಕ್ರೀನಿನ ಕೆಳಗೆ ಒಂದು ಪುಟ್ಟ ಹರಳು ಇರುತ್ತದೆ. ನೀವು ಬೆಳಕಿನಲ್ಲಿದ್ದರೆ ಅದು ಹೊಳೆಯುತ್ತದೆ, ಕತ್ತಲಲ್ಲಿದ್ದರೆ ಮಂಕಾಗುತ್ತದೆ. ಒಂದು ಮೊಗಸಾಲೆ ಇದೆ ಎಂದುಕೊಳ್ಳಿ. ಕೊನೆಯಲ್ಲಿ ಪಂಜು ಉರಿಯುತ್ತಿದೆ, ಕಾವಲುಗಾರ ಅತ್ತಿತ್ತ ಓಡಾಡುತ್ತಿದ್ದಾನೆ, ನೆಲಕ್ಕೆ ಟೈಲ್ಸ್. ಇಲ್ಲಿ ಕಾವಲುಗಾರನನ್ನು ನೋಡುತ್ತಾ ಕೂರಬೇಡಿ, ಪಂಜನ್ನು ನೋಡಿ. ಅದು ಬೆಂಕಿ. ಬೆಂಕಿಗೆ ನೀರು ಆಗುವುದಿಲ್ಲ. ನೀರಿನ ಬಾಣ ಬಿಟ್ಟರೆ ಆರಿತು. ಹರಳು ಮಂಕಾಯಿತು. ಇನ್ನು ಉಳಿದದ್ದು ಟೈಲ್ಸ್ ಮೇಲಿನ ಹೆಜ್ಜೆ ಸಪ್ಪಳ. ಅದಕ್ಕೆ ಪಾಚಿಯ ಬಾಣ ಇದೆ, ಬಿದ್ದಲ್ಲಿ ಮೆತ್ತಗಿನ ಹಾಸು ಬೆಳೆಯುತ್ತದೆ. ಹಗ್ಗದ ಬಾಣ ಮರಕ್ಕೆ ನಾಟುತ್ತದೆ, ಕಲ್ಲಿಗೆ ನಾಟುವುದಿಲ್ಲ. ಇದು ಗೊತ್ತಾದ ಮೇಲೆ ಕಣ್ಣು ತಾನಾಗಿಯೇ ಮೇಲೆ ಹೋಗಿ ಚಾವಣಿಯ ತೊಲೆ ಹುಡುಕುತ್ತದೆ.

ಎರಡನೆಯ ಕೆಲಸ: ಗುರಿ ತೋರಿಸುವ ಮಾರ್ಕರ್ ಆಫ್ ಮಾಡಿ. 2012ರ 'ಡಿಸ್‌ಆನರ್ಡ್'ನಲ್ಲಿ ಇದು ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಮಾರ್ಕರ್ ಇದ್ದರೆ ನಾವು ಅದರ ಕಡೆ ನೆಟ್ಟಗೆ ನಡೆಯುತ್ತೇವೆ. ಇಲ್ಲದಿದ್ದರೆ ಚೀಟಿ ಓದುತ್ತೇವೆ, ಕಾವಲುಗಾರರ ಮಾತು ಕದ್ದು ಕೇಳುತ್ತೇವೆ, ಬಾಲ್ಕನಿ ಎಣಿಸುತ್ತೇವೆ.

ಇನ್ನು ಸೇವ್ ವಿಷಯ. ಇದು ಎಲ್ಲಕ್ಕಿಂತ ಕಷ್ಟ, ಮತ್ತು ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದು. ಯಾವನಾದರೂ ಕಾವಲುಗಾರ ನನ್ನನ್ನು ನೋಡಿದ ಕೂಡಲೇ ಕ್ವಿಕ್ ಲೋಡ್ ಒತ್ತಿ, ಹಿಂದೆ ಸೇವ್ ಮಾಡಿದ ಜಾಗಕ್ಕೆ ಮರಳುವ ಚಟ ನನಗೆ ವರ್ಷಗಟ್ಟಲೆ ಇತ್ತು. ಎಲ್ಲವೂ ಅಂದುಕೊಂಡಂತೆ ನಡೆಯುತ್ತಿತ್ತು, ಹಾಗಾಗಿ ಹೊಸದಾಗಿ ಯೋಚಿಸುವ ಸಂದರ್ಭವೇ ಬರುತ್ತಿರಲಿಲ್ಲ. 'ಡಿಸ್‌ಆನರ್ಡ್' ಆಡುವಾಗ ಒಂದು ದಿನ ಲೋಡ್ ಮಾಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ. ಹತ್ತೇ ನಿಮಿಷಕ್ಕೆ ಸಿಕ್ಕಿಬಿದ್ದೆ. ಮೂವರು ಕಾವಲುಗಾರರು, ಹಿಂದೆ ಗೋಡೆ. ಬ್ಲಿಂಕ್, ಅಂದರೆ ಕ್ಷಣದಲ್ಲಿ ಬೇರೆ ಜಾಗಕ್ಕೆ ಹೋಗುವ ಮಾಯಾಶಕ್ತಿ, ಬಳಸಿ ಮೇಲಿನ ಪೈಪಿಗೆ ನೆಗೆದೆ. ಅವರು ಕೆಳಗೆ ಹುಡುಕುತ್ತಿದ್ದರು. ಶಕ್ತಿ ತುಂಬಿಕೊಳ್ಳಲು ಒಂದು ಬಾಟಲಿ ಕುಡಿದು ಸುತ್ತ ನೋಡಿದೆ. ಗೋಡೆಯ ಬುಡದಲ್ಲಿ ಒಂದು ಕಿಂಡಿ, ಅದರ ಮುಂದೆ ಒಂದು ಇಲಿ. ಇಲಿಯ ಮೈ ಸೇರುವ ಶಕ್ತಿಯನ್ನು ಆ ಮೊದಲೇ ತೆಗೆದುಕೊಂಡಿದ್ದೆ, ಆದರೆ ಒಂದು ಸಲವೂ ಬಳಸಿರಲಿಲ್ಲ. ಇಲಿಯಾಗಿ ಅವರ ಬೂಟುಗಳ ನಡುವೆ ಓಡಿ ಕಿಂಡಿ ದಾಟಿದೆ. ಇವತ್ತಿಗೂ ಆ ಗೇಮ್ ಅಂದರೆ ನನಗೆ ಮೊದಲು ನೆನಪಾಗುವುದು ಆ ಬೂಟುಗಳೇ.

ಹಾಗಾಗಿ ನನ್ನ ನಿಯಮ ಇಷ್ಟು: ಸತ್ತರೆ ಲೋಡ್, ಸಿಕ್ಕಿಬಿದ್ದರೆ ಇಲ್ಲ.

ಒಂದು ಸಲ ಆಡಿ ಮುಗಿಸಿದ ಮೇಲೆ ನಿಮಗೆ ನೀವೇ ಒಂದು ಕಟ್ಟು ಹಾಕಿಕೊಳ್ಳಿ. 'ಪ್ರೇ'ಯಲ್ಲಿ ಹೊಸ ಶಕ್ತಿ ಕೊಡುವ ಸೂಜಿಯಂಥ ಸಾಧನವಾದ ನ್ಯೂರೋಮಾಡ್ ಒಂದನ್ನೂ ಚುಚ್ಚಿಕೊಳ್ಳದೆ ಮುಗಿಸಬಹುದು, ಅದಕ್ಕೆ ಒಂದು ಅಚೀವ್‌ಮೆಂಟ್ (ಗೇಮ್ ಕೊಡುವ ಸಾಧನೆಯ ಪದಕ) ಕೂಡ ಇದೆ. 2016ರ 'ಡಿಸ್‌ಆನರ್ಡ್ 2'ರಲ್ಲಿ ಮಾಯಾಶಕ್ತಿಯೇ ಬೇಡ ಎಂದು ಶುರುವಿನಲ್ಲೇ ಹೇಳಬಹುದು. ಕೈ ಕಟ್ಟಿದಾಗ ತಲೆ ಓಡುತ್ತದೆ ಅಲ್ವಾ, ಹಾಗೆಯೇ. ಆದರೆ ಮೊದಲ ಸಲವೇ ಹೀಗೆ ಆಡಬೇಡಿ. ಆಟಿಕೆಗಳನ್ನೆಲ್ಲ ಮೊದಲು ಮುಟ್ಟಿ ನೋಡಬೇಕು.

ಎಲ್ಲ ಫಸ್ಟ್ ಪರ್ಸನ್ ಗೇಮ್‌ನಲ್ಲೂ ಇದು ನಡೆಯುವುದಿಲ್ಲ. ಗೊತ್ತಾಗುವುದು ಸುಲಭ. ಒಂದು ಪೆಟ್ಟಿಗೆ ಎತ್ತಿ ಇನ್ನೊಂದರ ಮೇಲೆ ಇಡಲು ಆಗುತ್ತದೆಯೇ? ಬಾಟಲಿ ಎಸೆದರೆ ಕಾವಲುಗಾರ ತಿರುಗುತ್ತಾನೆಯೇ? ಎರಡೂ ಇಲ್ಲವೆಂದರೆ ಆ ಗೇಮ್ ನಿಮ್ಮಿಂದ ಕೇಳುತ್ತಿರುವುದು ಬೇರೆ. ಅದನ್ನು ಅದರ ರೀತಿಯಲ್ಲೇ ಆಡಿ.

ಕೊನೆಗೆ ಒಂದು ಅಭ್ಯಾಸ. 2000ದಲ್ಲಿ ಬಂದ 'ಡ್ಯೂಸ್ ಎಕ್ಸ್'ನಲ್ಲಿ ಗೋಡೆಗೆ ಅಂಟುವ ಮೈನ್‌ಗಳಿವೆ, ಹೆಸರು ಲ್ಯಾಮ್. ಶತ್ರು ಹತ್ತಿರ ಬಂದಾಗ ಸಿಡಿಯಲಿ ಎಂದು ಮಾಡಿದ್ದು. ಆದರೆ ಅಂಟಿದ ಮೈನ್ ಗಟ್ಟಿ ವಸ್ತು, ಅದರ ಮೇಲೆ ಕಾಲಿಡಬಹುದು. ಆಟಗಾರರು ಒಂದರ ಮೇಲೊಂದು ಅಂಟಿಸಿ ಗೋಡೆ ಹತ್ತಿಬಿಟ್ಟರು. ಗೇಮ್ ಮಾಡಿದವರು ಇದನ್ನು ಊಹಿಸಿಯೇ ಇರಲಿಲ್ಲ. ಶತ್ರುಗಳಿಲ್ಲದ ಒಂದು ಎತ್ತರದ ಗೋಡೆ ಹುಡುಕಿ. ಮೊದಲ ಮೈನ್ ಹಾರಿ ನಿಲ್ಲುವಷ್ಟು ಎತ್ತರದಲ್ಲಿ ಅಂಟಿಸಿ. ಅದರ ಮೇಲೆ ನಿಂತು ಎರಡನೆಯದನ್ನು ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಅಂಟಿಸಿ. ನೇರ ತಲೆಯ ಮೇಲೆ ಅಂಟಿಸಿದರೆ ಹಾರುವಾಗ ಅದೇ ತಲೆಗೆ ತಾಗುತ್ತದೆ.