ಫ್ರಾಂಕ್‌ಫರ್ಟ್–ಲಿಸ್ಬನ್: ದೂರ, ಸಮಯದ ಲೆಕ್ಕ ನಾನೇ ಹಾಕಿದ್ದು ಹೀಗೆ

ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ಟಿಕೆಟ್ ತೆಗೆದರೆ ಹೋಗುವಾಗ ಎರಡು ಗಂಟೆ ಚಿಲ್ಲರೆ, ಬರುವಾಗ ಸುಮಾರು ನಾಲ್ಕು ಗಂಟೆ ಎಂಬಂತೆ ಕಾಣುತ್ತದೆ. ಟಿಕೆಟ್ ಮೇಲಿರುವುದು ಆಯಾ ಊರಿನ ಸಮಯ. ಪೋರ್ಚುಗಲ್ ಗಡಿಯಾರ ಜರ್ಮನಿಗಿಂತ ಒಂದು ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಎರಡೂ ಕಡೆ ಒಟ್ಟಿಗೇ ಗಡಿಯಾರ ಬದಲಾಗುವುದರಿಂದ ಈ ಅಂತರ ವರ್ಷವಿಡೀ ಹಾಗೇ ಇರುತ್ತದೆ. ಸರಿಮಾಡಿ ನೋಡಿದರೆ ಎರಡೂ ಹೆಚ್ಚುಕಡಿಮೆ ಮೂರು ಗಂಟೆಯೇ.

ದೂರವನ್ನು ನಾನು ಕಾಗದದ ಮೇಲೇ ಲೆಕ್ಕ ಹಾಕುತ್ತೇನೆ. ಫ್ರಾಂಕ್‌ಫರ್ಟ್ ನಿಲ್ದಾಣ 50.03 ಡಿಗ್ರಿ ಉತ್ತರ, 8.57 ಪೂರ್ವ. ಲಿಸ್ಬನ್ 38.77 ಉತ್ತರ, 9.13 ಪಶ್ಚಿಮ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಹಿಡಿದರೆ ಉತ್ತರ–ದಕ್ಷಿಣ ಅಂತರ 1,250 ಕಿ.ಮೀ. ರೇಖಾಂಶದ ವ್ಯತ್ಯಾಸ 17.7 ಡಿಗ್ರಿ. ಉತ್ತರಕ್ಕೆ ಹೋದಂತೆ ಈ ಡಿಗ್ರಿಗಳು ಕಿರಿದಾಗುತ್ತವೆ. ಅದಕ್ಕೇ ಇದನ್ನು 111ರಿಂದ ಗುಣಿಸಿ, ಮತ್ತೆ ಎರಡೂ ಊರುಗಳ ನಡುವಿನ ಅಕ್ಷಾಂಶದ ಕೊಸೈನ್, ಅಂದರೆ 0.714ರಿಂದ ಗುಣಿಸಬೇಕು. 1,400 ಕಿ.ಮೀ. ಚಿಲ್ಲರೆ ಬರುತ್ತದೆ. ಆಮೇಲೆ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಹಾಕಿದರೆ 1,880 ಕಿ.ಮೀ. ಭೂಮಿಯ ಗುಂಡಗಿನ ಆಕಾರ ಹಿಡಿದು ಸರಿಯಾಗಿ ಲೆಕ್ಕ ಹಾಕಿದರೆ ಸುಮಾರು 1,875. ಎಷ್ಟು ಹತ್ತಿರ ಬಂತು ಅಲ್ವಾ! ಲಿಸ್ಬನ್–ಹೆಲ್ಸಿಂಕಿಯಂಥ ದೂರದ ಊರುಗಳಿಗೆ ಮಾತ್ರ ಈ ವಿಧಾನದಲ್ಲಿ 70 ಕಿ.ಮೀ.ನಷ್ಟು ಜಾಸ್ತಿ ಬರುತ್ತದೆ.

ಸಮಯಕ್ಕೆ ಬಂದರೆ, ಎ320 ತರಹದ ವಿಮಾನ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಹಾಗಾದರೆ ಎರಡೂಕಾಲು ಗಂಟೆ. ರನ್‌ವೇವರೆಗೆ ಹೋಗುವುದು, ಏರುವುದು, ಇಳಿಯುವುದು ಎಲ್ಲಕ್ಕೂ ಸೇರಿಸಿ ಅರ್ಧದಿಂದ ಮುಕ್ಕಾಲು ಗಂಟೆ ಕೂಡಿಸುತ್ತೇನೆ. ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಲಿಸ್ಬನ್‌ಗೆ ಹೋಗುವಾಗಲೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಯುರೋಪಿನಲ್ಲಿ ಈ ದೂರಕ್ಕೆ ದುಡ್ಡಿನ ಬೆಲೆ ಇದೆ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ, ವಿಮಾನ ಕಂಪನಿಯ ಕಾರಣದಿಂದ ವಿಮಾನ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ 1,500 ಕಿ.ಮೀ.ವರೆಗಿನ ಪ್ರಯಾಣಕ್ಕೆ ಪ್ರಯಾಣಿಕರಿಗೆ ತಲೆಗೆ 250 ಯೂರೋ ಪರಿಹಾರ. ಅದಕ್ಕೂ ದೂರ, ಆದರೆ ಒಕ್ಕೂಟದೊಳಗೇ ಇದ್ದರೆ 400. ಫ್ರಾಂಕ್‌ಫರ್ಟ್–ಮ್ಯಾಡ್ರಿಡ್ ಸುಮಾರು 1,420 ಕಿ.ಮೀ., 250ರ ಸಾಲಿಗೆ ಸೇರುತ್ತದೆ. ಲಿಸ್ಬನ್ 400ರ ಸಾಲಿಗೆ. ನಡುವೆ ವಿಮಾನ ಬದಲಿಸಿದರೂ ಮೊದಲ ಮತ್ತು ಕೊನೆಯ ನಿಲ್ದಾಣದ ನಡುವಿನ ನೇರ ದೂರವೇ ಲೆಕ್ಕ. ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಹೋದವರ ಪ್ರಕರಣದಲ್ಲಿ ಹಾರಿದ್ದು 1,656 ಕಿ.ಮೀ., ನೇರ ದೂರ 1,326. ನೇರ ದೂರವನ್ನೇ ಹಿಡಿಯಬೇಕು ಎಂದು ಯುರೋಪಿನ ನ್ಯಾಯಾಲಯ 2017ರಲ್ಲಿ ಹೇಳಿತು.

ಬೆಂಗಳೂರಿನಿಂದ ಬಂದಿದ್ದ ಅಪ್ಪ, ಅಮ್ಮನ ಜೊತೆ ಲಿಸ್ಬನ್‌ನಿಂದ ವಾಪಸಾಗುವಾಗ ನಮ್ಮ ವಿಮಾನ ತಡವಾಯಿತು. ನೆಲಕ್ಕಿಳಿದಾಗ ತಡವಾಗಿದ್ದು ಮೂರು ಗಂಟೆಗೆ ಸ್ವಲ್ಪ ಕಡಿಮೆ. ಬಾಗಿಲು ತೆರೆಯುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ವಿಮಾನದ ಬಾಗಿಲು ತೆರೆದ ಹೊತ್ತೇ ತಲುಪಿದ ಹೊತ್ತು ಎಂದು ಅದೇ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿದೆ. ಬಾಗಿಲು ತೆರೆದಾಗ ಫೋನಿನಲ್ಲಿ ಒಂದು ಫೋಟೋ ತೆಗೆದೆ, ಸಮಯ ದಾಖಲಾಗಲಿ ಅಂತ. ಕಂಪನಿಗೆ ಬರೆದ ಪತ್ರದಲ್ಲಿ ಆ ಸಮಯ, ಎರಡು ನಿಲ್ದಾಣಗಳ ಹೆಸರು, 1,875 ಕಿ.ಮೀ., ತಲೆಗೆ 400 ಯೂರೋ, ಇಷ್ಟನ್ನೇ ಬರೆದೆ. ಮೊದಲ ಉತ್ತರದಲ್ಲಿ ವೋಚರ್ ಕೊಡುತ್ತೇವೆ ಎಂದರು. ಪ್ರಯಾಣಿಕರು ಸಹಿ ಹಾಕಿ ಒಪ್ಪದಿದ್ದರೆ ದುಡ್ಡಾಗಿಯೇ ಕೊಡಬೇಕು ಎಂದು ನಿಯಮದಲ್ಲೇ ಇದೆ. ಹಾಗಂತ ಮತ್ತೆ ಬರೆದೆ. ಮೂವರ ದುಡ್ಡೂ ಖಾತೆಗೆ ಬಂತು.